ಆ ಸಿರಪ್ ನಿಲ್ಲಿಸಿದ್ದು ನಮ್ಮ ದೊಡ್ಡಮ್ಮ ಅಲ್ಲ, ನಾನು

ವೈದ್ಯಕೀಯ ಅಧೀಕ್ಷಕರ ಕುರ್ಚಿಯಲ್ಲಿರುವ ಮಾನ್ಯರೇ,

ನಿಮ್ಮ ಆಸ್ಪತ್ರೆಯ ಯಕೃತ್ತಿನ ವಿಭಾಗದ ಕಡತವೊಂದರಲ್ಲಿ ಒಂದು ಸುಳ್ಳು ಇದೆ. 'ರೋಗಿಯು ತಾವಾಗಿಯೇ ಔಷಧ ನಿಲ್ಲಿಸಿರುತ್ತಾರೆ. ಚಿಕಿತ್ಸೆಗೆ ಸಹಕರಿಸುವುದಿಲ್ಲ' ಎಂದು ಅಲ್ಲಿ ಬರೆದಿದೆ. ಆ ರೋಗಿ ನನ್ನ ದೊಡ್ಡಮ್ಮ. ಔಷಧ ನಿಲ್ಲಿಸಿದವಳು ನಾನು. ಮುಂದಿನ ತಿಂಗಳ ಹದಿನೆಂಟರಂದು ನಿಮ್ಮ ಕಸಿ ಸಮಿತಿ ಕೂಡಲಿದೆ. ಹೊಸ ಯಕೃತ್ತಿಗಾಗಿ ಕಾಯುವವರ ಪಟ್ಟಿಗೆ ಯಾರನ್ನು ಸೇರಿಸಬೇಕು, ಯಾರನ್ನು ಬಿಡಬೇಕು ಎಂದು ನಿರ್ಧರಿಸುವಾಗ ಅದು ಈ ಮಾತನ್ನು ಓದುತ್ತದೆ. ತಿದ್ದಿ ಎಂದು ಅರ್ಜಿ ಕೊಟ್ಟೆ. 'ದಾಖಲಾಗಿರುವುದು ರೋಗಿಯ ಸ್ವಂತ ಹೇಳಿಕೆಯಾದ್ದರಿಂದ ತಿದ್ದಲು ಅವಕಾಶವಿರುವುದಿಲ್ಲ' ಎಂದು ನಿಮ್ಮ ಕಚೇರಿ ಮೊಹರು ಹಾಕಿ ಉತ್ತರ ಕಳಿಸಿತು. ಹೇಳಿಕೆ ಅವಳದೇ, ಒಪ್ಪಿದೆ. ಅವಳು ಆ ಸುಳ್ಳು ಹೇಳುವಾಗ ನಾನು ಹಾಸಿಗೆಯ ಪಕ್ಕದಲ್ಲೇ ನಿಂತಿದ್ದೆ. ತುಟಿ ಪಿಟಕ್ಕೆನ್ನಲಿಲ್ಲ. ಅಂದು ನಾಲ್ಕು ಜನರ ಮುಂದೆ ಹೇಳಲಾಗದ್ದನ್ನು ಇಂದು ಪತ್ರಿಕೆ ಓದುವ ಅಷ್ಟೂ ಜನರ ಮುಂದೆ ಹೇಳಬೇಕಾಗಿ ಬಂದಿದೆ.

ನಾನು ಮಾತು ಕಡಿಮೆಯವಳು. ಅಂಗಡಿಯಲ್ಲಿ ಚಿಲ್ಲರೆ ತಪ್ಪಾಗಿ ಕೊಟ್ಟರೂ ಕೇಳದೆ ಬರುವವಳು. ದೊಡ್ಡಮ್ಮ ನನ್ನನ್ನು ಕರೆಯುವುದೇ 'ಗುಮ್ಮನಗುಸ್ಕಿ' ಎಂದು. ಅಮ್ಮ ತೀರಿಕೊಂಡಾಗ ನನಗೆ ಆರು ವರ್ಷ. ಅಂದಿನಿಂದ ಸಾಕಿದವಳು, ಸಾಹಿತ್ಯದಲ್ಲಿ ಎಂ.ಎ. ಮುಗಿಯುವವರೆಗೆ ಓದಿಸಿದವಳು ಅಮ್ಮನ ಅಕ್ಕನಾದ ಈ ದೊಡ್ಡಮ್ಮನೇ. ಅವಳ ಕೆಲಸ ಕಾಜಾ ಹಾಕುವುದು, ಅಂದರೆ ಅಂಗಿಯ ಗುಂಡಿ ತೂರುವ ಕಂಡಿಗಳಿಗೆ ಕೈಯಿಂದ ಅಂಚು ಹೊಲಿಯುವುದು. ಒಂದು ದರ್ಜಿ ಅಂಗಡಿಯ ಹಿಂಭಾಗದಲ್ಲಿ, ಕಿಟಕಿಯ ಪಕ್ಕದ ಎತ್ತರದ ಸ್ಟೂಲಿನ ಮೇಲೆ ಕೂತು ಮೂವತ್ತು ವರ್ಷದಿಂದ ಅದನ್ನೇ ಮಾಡಿದ್ದಾಳೆ. ಯಂತ್ರ ಬಂದ ಮೇಲೂ ಕೈಕಾಜಾನೇ ಬೇಕು ಎನ್ನುವ ಗಿರಾಕಿಗಳಿಂದಾಗಿ ಅವಳ ಸ್ಟೂಲು ಅಲ್ಲೇ ಉಳಿದಿದೆ.

ಕಾಯಿಲೆ ಒಂದೇ ದಿನ ಬರಲಿಲ್ಲ. ಬಂದದ್ದು ಎಷ್ಟು ನಿಧಾನವಾಗಿಯೆಂದರೆ, ಪ್ರತಿ ಹೆಜ್ಜೆಯಲ್ಲೂ ನಮಗೆ ಕೇಳಲು ಸಮಯವಿತ್ತು, ನಿಮ್ಮವರಿಗೆ ಹೇಳಲು ಸಮಯವಿತ್ತು. ನಾಲ್ಕು ವರ್ಷದ ಹಿಂದೆ ಹೊಟ್ಟೆನೋವೆಂದು ಸ್ಕ್ಯಾನ್ ಮಾಡಿಸಿದಾಗ ಯಕೃತ್ತಿನಲ್ಲಿ ಕೊಬ್ಬು ಸೇರಿದೆ ಎಂದು ವರದಿಯಲ್ಲಿತ್ತು. ಸಕ್ಕರೆ ಕಾಯಿಲೆ ಮೊದಲೇ ಇತ್ತು. ನಿಮ್ಮ ವೈದ್ಯರು ನಕ್ಕು, "ಈ ಕಾಲದಲ್ಲಿ ಇದು ಯಾರಿಗಿಲ್ಲ ಹೇಳಿ? ಸ್ವಲ್ಪ ವಾಕಿಂಗ್ ಮಾಡಿ" ಎಂದರು. ನಾವೂ ನಕ್ಕೆವು. ಆ ವರದಿಯನ್ನು ದೊಡ್ಡಮ್ಮ ಅಂಗಿಯ ಅಳತೆ ಕಾಗದಗಳ ಜೊತೆ ಮಡಚಿಟ್ಟಳು. ಎರಡು ವರ್ಷ ಕಳೆದ ಮೇಲೆ ಮುಂಗೈ ಮೇಲೆ ನೀಲಿ ಕಲೆಗಳು ಕಾಣಿಸತೊಡಗಿದವು. ಮೇಜಿನ ಅಂಚು ತಾಗಿರಬೇಕು ಎಂದಳು. ಮೇಜು ಮೂವತ್ತು ವರ್ಷದಿಂದ ಅಲ್ಲೇ ಇದೆಯಲ್ಲ, ಈಗ ಮಾತ್ರ ಯಾಕೆ ತಾಗುತ್ತದೆ ಎಂದು ನಾನು ಕೇಳಲಿಲ್ಲ. ಆಮೇಲೆ ಒಂದು ದಿನ ತನ್ನದೇ ನೈಟಿಯ ಪಕ್ಕದ ಹೊಲಿಗೆ ಬಿಚ್ಚುತ್ತಾ ಹೇಳಿದಳು:

"ಏನೇ ಇದು, ಹೊಟ್ಟೆಗೆ ಬಟ್ಟೆ ಸಾಲ್ತಿಲ್ಲ, ತೋಳಿಗೆ ಬಟ್ಟೆ ಜಾಸ್ತಿಯಾಗ್ತಿದೆ! ಯಾರೋ ತಪ್ಪು ಅಳತೆ ತಗೊಂಡು ನನ್ನನ್ನ ಕತ್ತರಿಸಿದಾರೆ ನೋಡು."

ಮಾನ್ಯರೇ, ತೋಳು ಸಣ್ಣಗಾಗಿ ಹೊಟ್ಟೆ ಊದುವುದೆಂದರೆ ಏನೆಂದು ನಿಮ್ಮಲ್ಲಿ ಮೊದಲ ವರ್ಷದ ವಿದ್ಯಾರ್ಥಿಯೂ ಹೇಳಬಲ್ಲ. ಯಕೃತ್ತು ಗಟ್ಟಿಯಾಗಿ, ರಕ್ತ ಅದರೊಳಗೆ ಹರಿಯಲಾಗದೆ, ನೀರು ಹೊಟ್ಟೆಯಲ್ಲಿ ನಿಲ್ಲುತ್ತದೆ. ಇತ್ತ ಮಾಂಸ ಕರಗುತ್ತದೆ. ಇದನ್ನೆಲ್ಲ ನಾನು ಆಮೇಲೆ ಓದಿ ತಿಳಿದುಕೊಂಡೆ. ಅಂದು ಮಾಡಿದ್ದು ಇಷ್ಟೆ: ಆ ಮಾತು ಎಷ್ಟು ಚೆನ್ನಾಗಿದೆ ಎಂದುಕೊಂಡು ನನ್ನ ನೋಟ್‌ಪುಸ್ತಕದಲ್ಲಿ ಬರೆದುಕೊಂಡೆ. ದಿನಾಂಕ ಸಮೇತ ಬರೆದುಕೊಂಡಿದ್ದೇನೆ. ಅವಳನ್ನು ಆಸ್ಪತ್ರೆಗೆ ಕರೆತಂದದ್ದು ಆ ದಿನಾಂಕವಾಗಿ ಏಳು ವಾರಕ್ಕೆ, ಚಪ್ಪಲಿ ಕಾಲಿಗೆ ಹಿಡಿಸದಾದಾಗ. ನೋಡುವ ಕಣ್ಣಿದೆ ಎಂದು ನನ್ನ ಮೇಷ್ಟ್ರುಗಳು ಹೊಗಳುತ್ತಿದ್ದರು. ನೋಡಿದ್ದನ್ನು ಏನು ಮಾಡಬೇಕೆಂಬುದು ಪಠ್ಯದಲ್ಲಿರಲಿಲ್ಲ.

ಹೊಟ್ಟೆಯಿಂದ ನೀರು ತೆಗೆದರು. ಕಾಯಿಲೆಯ ಹೆಸರು ಸಿರೋಸಿಸ್ ಎಂದು ನಮಗೆ ತಿಳಿಸಿದ್ದು ಲಿಫ್ಟಿನ ಮುಂದೆ. ಲಿಫ್ಟ್ ಬರುವಷ್ಟರಲ್ಲಿ ವೈದ್ಯರು ಮಾತು ಮುಗಿಸಿದರು; ಲಿಫ್ಟ್ ಬಂತು, ಅವರು ಹೋದರು. ನಾವು ನಿಂತಿದ್ದ ಗೋಡೆಯ ಮೇಲೆ ನಿಮ್ಮ ಭಿತ್ತಿಚಿತ್ರವಿತ್ತು: ಒಂದು ಬಾಟಲಿ, ಅದರ ಮೇಲೆ ಕೆಂಪು ಗೆರೆ, ಪಕ್ಕದಲ್ಲಿ ಕಣ್ಣು ಬಾಯಿ ಬರೆದು ನಗುತ್ತಿರುವ ಯಕೃತ್ತು. ಜನ್ಮದಲ್ಲಿ ಒಂದು ತೊಟ್ಟು ಮುಟ್ಟದವಳು ಅದರ ಕೆಳಗೆ ಊದಿದ ಹೊಟ್ಟೆ ಹಿಡಿದು ನಿಂತಿದ್ದಳು. ಮನೆಗೆ ಬಂದರೆ ಪಕ್ಕದ ಮನೆಯಾಕೆ ದನಿ ತಗ್ಗಿಸಿ ನನ್ನನ್ನೇ ಕೇಳಿದರು, "ಏನು, ಗುಟ್ಟಾಗಿ ಕುಡೀತಿದ್ರಾ?" ಒಳಗಿನಿಂದ ದೊಡ್ಡಮ್ಮನೇ ಕೂಗಿ ಉತ್ತರ ಕೊಟ್ಟಳು: "ಕುಡಿದಿದ್ರೆ ಚೆನ್ನಾಗಿರ್ತಿತ್ತು ಕಣ್ರೀ! ಕಾಯಿಲೆ ಹೇಗಿದ್ರೂ ಬಂತು, ಸುಖ ಆದ್ರೂ ಸಿಕ್ಕಿರೋದು!" ನಿಮ್ಮ ಭಿತ್ತಿಚಿತ್ರಕ್ಕೂ ಅದೇ ಉತ್ತರವೆಂದು ತಿಳಿಯಿರಿ.

ಈಗ ಒಂದು ಕಾಗದದ ವಿಷಯಕ್ಕೆ ಬರುತ್ತೇನೆ. ಬಿಡುಗಡೆಯ ದಿನ ನಿಮ್ಮಲ್ಲಿ ಒಂದು ಹಾಳೆ ಕೊಡುತ್ತಾರೆ. ಅದರಲ್ಲಿ ಎಂಟು ಔಷಧಗಳಿದ್ದವು. ಒಂದೊಂದರ ಮುಂದೆ ಎರಡಕ್ಷರ, ಮೂರಕ್ಷರದ ಸಂಕೇತಗಳು, ಬಾಣದ ಗುರುತುಗಳು. ಹಳೆಯ ಶಾಸನದ ಸವೆದ ಅಕ್ಷರ ಬಿಡಿಸುವುದನ್ನು ನಾನು ಒಂದು ವರ್ಷ ಕಲಿತಿದ್ದೇನೆ. ಈ ಹಾಳೆ ನನಗೆ ಓದಲಾಗಲಿಲ್ಲ. ಕೊನೆಯಲ್ಲಿ ಸಿರಪ್ಪಿನ ಹೆಸರು, ಅದರ ಮುಂದೆ 'ಎರಡು-ಮೂರು' ಎಂಬ ಅಂಕಿ ಮತ್ತು ಅರ್ಥವಾಗದ ಒಂದು ಸಂಕೇತ. ಕೇಳೋಣವೆಂದು ಬಾಗಿಲವರೆಗೆ ಹೋದೆ. ಒಳಗೆ ಮೂವರು ಕಾಯುತ್ತಿದ್ದರು. ವೈದ್ಯರು ತಲೆ ಎತ್ತದೆ, "ಎಲ್ಲಾ ಅದರಲ್ಲೇ ಬರೆದಿದೆಯಲ್ಲಮ್ಮಾ" ಎಂದರು. 'ಹೌದು ಸರ್' ಎಂದು ಬಂದುಬಿಟ್ಟೆ. ಬಾಗಿಲ ಪಕ್ಕದಲ್ಲಿ 'ನಿಶ್ಶಬ್ದ' ಎಂಬ ಫಲಕವಿತ್ತು. ನಿಮ್ಮ ಆಸ್ಪತ್ರೆಯ ನಿಯಮಗಳಲ್ಲಿ ಅದೊಂದನ್ನು ನನ್ನಷ್ಟು ಶ್ರದ್ಧೆಯಿಂದ ಪಾಲಿಸಿದವರು ಇರಲಾರರು.

ಔಷಧದ ಕೌಂಟರಿನಲ್ಲಿ ಕೇಳಿದಾಗ ಅಲ್ಲಿದ್ದವರು ಬಾಟಲಿ ತಿರುಗಿಸಿ ನೋಡಿ, "ಇದು ಮಲಬದ್ಧತೆಗೆ" ಎಂದರು. ಅದು ಸುಳ್ಳಲ್ಲ, ಬಾಟಲಿಯ ಮೇಲೂ ಹಾಗೇ ಇತ್ತು. ಆದರೆ ದೊಡ್ಡಮ್ಮನಿಗೆ ಮಲಬದ್ಧತೆಯೇ ಇರಲಿಲ್ಲ! ಇಲ್ಲದ ತೊಂದರೆಗೆ ಯಾಕೆ ಔಷಧ ಎಂಬ ಪ್ರಶ್ನೆ ಅಂದೇ ನನ್ನ ತಲೆಯಲ್ಲಿ ಕೂತಿತು. ಪ್ರಶ್ನೆ ಕೇಳುವವಳಾಗಿದ್ದರೆ ಕೇಳುತ್ತಿದ್ದೆ. ಕೇಳದವಳಾದ್ದರಿಂದ ಉತ್ತರವನ್ನೂ ನಾನೇ ಕೊಟ್ಟುಕೊಂಡೆ: ಎಲ್ಲರಿಗೂ ಬರೆಯುತ್ತಾರೆ, ಅಷ್ಟೊಂದು ಮುಖ್ಯವಿರಲಿಕ್ಕಿಲ್ಲ.

ಆ ಸಿರಪ್ ಕುಡಿದರೆ ಅವಳು ದಿನಕ್ಕೆ ಮೂರು ನಾಲ್ಕು ಸಲ ಓಡಬೇಕಾಗುತ್ತಿತ್ತು. ದರ್ಜಿ ಅಂಗಡಿಗೆ ಸ್ವಂತ ಶೌಚಾಲಯವಿಲ್ಲ. ಪಕ್ಕದ ಗಡಿಯಾರ ರಿಪೇರಿಯವರ ಹತ್ತಿರ ಬೀಗದ ಕೈ ಕೇಳಬೇಕು. ಕೈ ಚಾಚಿ ಕೇಳುವುದೆಂದರೆ ನನ್ನಂತೆಯೇ ಅವಳಿಗೂ ಆಗದು. ಕಟಿಂಗ್ ಮಾಸ್ತರರು ಒಳ್ಳೆಯವರೇ, ಬಾಯಿ ಸ್ವಲ್ಪ ಜಾಸ್ತಿ. "ಏನಮ್ಮಾ, ಸ್ಟೂಲಿಗೆ ಮುಳ್ಳಿದೆಯಾ? ಕೂತ್ಕೊಳೋಕೇ ಬಿಡ್ತಿಲ್ವಲ್ಲ!" ಎಂದು ತಮಾಷೆ ಮಾಡುತ್ತಿದ್ದರಂತೆ. ಅವಳು ಮನೆಗೆ ಬಂದು ಅದನ್ನು ನಗುತ್ತಲೇ ಹೇಳಿದಳು. ಆಮೇಲೆ ಅಂಗಡಿಗೆ ಹೋಗುವ ದಿನ ಮಧ್ಯಾಹ್ನದವರೆಗೆ ನೀರನ್ನೂ ಕುಡಿಯದೆ ಇರತೊಡಗಿದಳು. ಒಮ್ಮೊಮ್ಮೆ ಓಡಿದರೂ ಮುಟ್ಟುವುದರೊಳಗೆ ಬಟ್ಟೆ ಕೆಡುತ್ತಿತ್ತು. ಒಗೆಯುತ್ತಿದ್ದವಳು ನಾನು. ಅವಳು ಬಚ್ಚಲ ಬಾಗಿಲಲ್ಲಿ ನಿಂತು, "ಬಿಡೇ, ನಾನೇ ಹಿಂಡ್ಕೊತೀನಿ" ಎನ್ನುತ್ತಿದ್ದಳು, ನಾನು ಬಿಡುತ್ತಿರಲಿಲ್ಲ. ಆದರೆ ಮುಖ ಗಂಟಿಕ್ಕಿಕೊಂಡೇ ಒಗೆಯುತ್ತಿದ್ದೆ. ಅದನ್ನು ಅವಳು ನೋಡುತ್ತಿದ್ದಳು.

ಹೀಗಿರುವಾಗ ನನ್ನ ಪದವಿ ಪ್ರದಾನದ ದಿನ ಬಂತು. ವಿಶ್ವವಿದ್ಯಾಲಯ ಬಸ್ಸಿನಲ್ಲಿ ನಾಲ್ಕು ಗಂಟೆ ದೂರ. ದಾರಿಯಲ್ಲಿ ಬಸ್ಸು ನಿಲ್ಲುವುದು ಒಂದೇ ಕಡೆ. "ನಾನು ಬರಲ್ಲ ಕಣೆ. ಅಲ್ಲಿ ನಿನ್ನ ಮಾನ ಕಳೀಬೇಕಾ?" ಎಂದಳು. ನನಗಾಗಿ ಬಂದು ಕೂರುವ ಒಬ್ಬಳೇ ಒಬ್ಬಳು ಅವಳು. ಅವಳಿಲ್ಲದಿದ್ದರೆ ಆ ಸಭಾಂಗಣದಲ್ಲಿ ನನಗೆ ಯಾರಿದ್ದಾರೆ? ನಾನೇ ಹೇಳಿದೆ: "ಎರಡು ದಿನ ಸಿರಪ್ ಬಿಡು ದೊಡ್ಡಮ್ಮ. ಏನೂ ಆಗಲ್ಲ. ಅದು ಬರೀ ಮಲಬದ್ಧತೆಗೆ." ಅವಳು ಒಮ್ಮೆ ಕೇಳಿದಳು, "ಡಾಕ್ಟರನ್ನ ಒಂದು ಮಾತು ಕೇಳೋಣ್ವಾ?" "ಇಷ್ಟಕ್ಕೆಲ್ಲ ಏನು ಕೇಳೋದು" ಎಂದೆ. ಅವಳು ಓದಿದ್ದು ಐದನೇ ತರಗತಿ. ನಾನು ಎಂ.ಎ. ಅವಳು ನನ್ನ ಮಾತು ನಂಬಿದಳು.

ಸಭಾಂಗಣದಲ್ಲಿ ನನ್ನ ಹೆಸರು ಕೂಗಿದಾಗ ಅವಳು ನಿದ್ದೆ ಮಾಡುತ್ತಿದ್ದಳು. ವೇದಿಕೆಯಿಂದ ಕಾಣುತ್ತಿತ್ತು: ತಲೆ ವಾಲಿಸಿ, ಬಾಯಿ ತುಸು ತೆರೆದು. ವಾಪಸು ಬರುವ ಬಸ್ಸಿನಲ್ಲಿ ನಾನು ಕಿಟಕಿಯ ಕಡೆ ಮುಖ ತಿರುಗಿಸಿ ಕೂತೆ.

"ಅಲ್ಲ ದೊಡ್ಡಮ್ಮ, ನಾಲ್ಕು ಗಂಟೆ ಬಸ್ಸಲ್ಲಿ ಬಂದಿದ್ದು ಮಲಗೋಕಾ?"

"ಮಲಗಿರಲಿಲ್ಲ ಕಣೆ. ಕಣ್ಣು ಮುಚ್ಚಿದ್ದೆ ಅಷ್ಟೆ. ಚಪ್ಪಾಳೆ ಕೇಳಿಸ್ತು."

"ಯಾರಿಗೆ ತಟ್ಟಿದ್ದು?"

"ಎಲ್ಲಾ ನಿನಗೇ ಅಂದ್ಕೊಂಡೆ."

ನಾನು ನಗಲಿಲ್ಲ. ಟಿಕೆಟ್ ತೆಗೆದುಕೊಳ್ಳಲು ಅವಳು ಕೈ ಚಾಚಿದಾಗ ಮಣಿಕಟ್ಟಿನಿಂದ ಕೈ ರಪರಪ ಬಡಿದುಕೊಂಡಿತು, ಹಕ್ಕಿ ರೆಕ್ಕೆ ಬಡಿದಂತೆ. ಬಸ್ಸಿನ ಕುಲುಕಾಟ ಎಂದುಕೊಂಡೆ. ಹಗಲು ನಿದ್ದೆ, ಕೈಯ ಆ ಬಡಿತ, ಇವೆರಡೂ ಏನು ಹೇಳುತ್ತಿದ್ದವೆಂದು ನಿಮಗೆ ಗೊತ್ತು. ನಮಗೆ ಗೊತ್ತಿರಬೇಕಿತ್ತು ಎಂದು ನಿಮಗೆ ಯಾವಾಗಲಾದರೂ ಅನ್ನಿಸಿದೆಯೇ?

ಊರಿಗೆ ಬಂದ ಮೇಲೂ ಮೂರು ದಿನ ಸಿರಪ್ ಕೊಡಲಿಲ್ಲ. ಮರೆತಿದ್ದೆ ಎಂದು ಬರೆದರೆ ಯಾರೂ ಅನುಮಾನಿಸುವುದಿಲ್ಲ. ಆದರೆ ನಾನು ಮರೆತಿರಲಿಲ್ಲ. ಬಾಟಲಿ ಕಣ್ಣೆದುರಿಗೇ ಇತ್ತು. ಅವಳು ಎದ್ದು ಓಡುತ್ತಿರಲಿಲ್ಲ, ಒಗೆಯುವ ಬಟ್ಟೆ ಕಡಿಮೆಯಾಗಿತ್ತು, ಮನೆ ಶಾಂತವಾಗಿತ್ತು. ಆ ಶಾಂತಿ ನನಗೆ ಹಿತವಾಗಿತ್ತು. ಈ ಪತ್ರದಲ್ಲಿ ಬರೆಯಲು ಅತಿ ಕಷ್ಟವಾದ ಮಾತು ಇದು, ಮಾನ್ಯರೇ. ಇದಕ್ಕೆ ನಿಮ್ಮ ಹಾಳೆಯನ್ನು ದೂರಲಾರೆ.

ಐದನೆಯ ದಿನ ಕಟಿಂಗ್ ಮಾಸ್ತರರು ನೇರ ಮನೆಗೆ ಬಂದರು. ಕೈಯಲ್ಲಿ ಅಂಗಿಗಳ ಗಂಟು. ಹನ್ನೆರಡು ಅಂಗಿಗಳ ಕಂಡಿಗಳನ್ನು ದೊಡ್ಡಮ್ಮ ಒಂದೂ ಬಿಡದೆ ಹೊಲಿದು ಮುಚ್ಚಿದ್ದಳು. ಹೊಲಿಗೆ ಅಚ್ಚುಕಟ್ಟಾಗಿತ್ತು, ಗುಂಡಿ ತೂರಲು ಮಾತ್ರ ಜಾಗವಿರಲಿಲ್ಲ. ಮಾಸ್ತರರು ಬೈಯಬಹುದೆಂದು ನಾನು ಕ್ಷಮೆ ಕೇಳಲು ಮಾತು ಹುಡುಕುತ್ತಿದ್ದೆ. ಅವರು, "ಬೈಯೋಕೆ ಬಂದಿಲ್ಲಮ್ಮಾ. ಮೂವತ್ತು ವರ್ಷದಲ್ಲಿ ಆಕೆ ಒಂದು ಎಳೆ ತಪ್ಪಿಲ್ಲ. ಇದು ಕೈ ಮಾಡಿದ ತಪ್ಪಲ್ಲ, ತಲೆಗೇನೋ ಆಗಿದೆ. ಅಂಗಡೀಲಿ ಕೂತಿದಾರೆ, ಹೆಸರು ಕೇಳಿದ್ರೆ ಸುಮ್ನೆ ನೋಡ್ತಾರೆ. ಆಟೋ ಹೊರಗಿದೆ, ನಡಿ" ಎಂದರು. ಜೊತೆಯಲ್ಲೇ ಮಲಗಿ ಎದ್ದವಳಿಗೆ ಕಾಣದ್ದು ಅಳತೆ ಪಟ್ಟಿ ಕೊರಳಿಗೆ ಹಾಕಿಕೊಂಡವರಿಗೆ ಕಂಡಿತ್ತು.

ಆಸ್ಪತ್ರೆಗೆ ಸೇರಿಸಿದ ಮೂರನೆಯ ದಿನ ವಾರ್ಡಿನ ಹಿರಿಯ ನರ್ಸ್ ಒಬ್ಬರು ಡ್ರಿಪ್ ಬಾಟಲಿ ಬದಲಾಯಿಸುತ್ತಾ ನನಗೆ ಹೇಳಿದರು: "ಆ ಸಿರಪ್ಪು ಮಲಬದ್ಧತೆಗಲ್ಲ ಕಣಮ್ಮಾ, ತಲೆಗೆ. ಲಿವರ್ರು ಶೋಧಿಸಬೇಕಾದ ವಿಷಾನ ಶೋಧಿಸ್ತಿಲ್ಲ. ಅದು ಹೊಟ್ಟೆಯಿಂದಾನೇ ಹೊರಗೆ ಹೋಗ್ಬೇಕು. ದಿನಕ್ಕೆ ಎರಡು ಮೂರು ಸಲ ಆಗ್ಲೇಬೇಕು. ಹೋಗ್ಲಿಲ್ಲ ಅಂದ್ರೆ ರಕ್ತದಲ್ಲಿ ತಲೆಗೇರತ್ತೆ. ಮಂಕು ಕವಿಯತ್ತೆ, ಪ್ರಜ್ಞೆ ತಪ್ಪತ್ತೆ." ಹಾಳೆಯ ಮೇಲಿನ 'ಎರಡು-ಮೂರು' ಎಂದರೆ ಅದು! ನಾಲ್ಕು ವರ್ಷದಲ್ಲಿ ಈ ಕಾಯಿಲೆಯ ಬಗ್ಗೆ ನನಗೆ ಅರ್ಥವಾದ ಮೊದಲ ಮಾತು ಅದು, ಹೇಳಿದ್ದು ಅದನ್ನು ಹೇಳುವ ಹೊಣೆಯೇ ಇಲ್ಲದವರು. ಬಾಟಲಿ ಬದಲಾಯಿಸುವಷ್ಟು ಹೊತ್ತಿನಲ್ಲಿ ಮುಗಿಯುವ ಮಾತನ್ನು ಬಿಡುಗಡೆಯ ದಿನ ಹೇಳಲು ನಿಮ್ಮಲ್ಲಿ ಹೊತ್ತಿಲ್ಲವೇ? ಅಥವಾ ನಮಗೆ ಅರ್ಥವಾಗದೆಂಬ ಕರುಣೆಯೇ?

'ಕೇಳಬೇಕಿತ್ತಲ್ಲ' ಎನ್ನುತ್ತೀರಿ. ಕೇಳಬೇಕಿತ್ತು. ನೂರು ಸಲ ಒಪ್ಪುತ್ತೇನೆ. ಆದರೆ ಕೇಳಬಲ್ಲವರಿಗೆ ಮಾತ್ರ ವಾಸಿಯಾಗುವ ವ್ಯವಸ್ಥೆಯಿದ್ದರೆ ಅದನ್ನು ಹೊರಗೆ ಫಲಕ ಹಾಕಿ ತಿಳಿಸಿಬಿಡಿ. ನಮ್ಮಂಥವರು ಬೇರೆ ಕಡೆ ಹೋಗುತ್ತೇವೆ. ನಾಚಿಕೆಯವರಿಗೆ, ಅಕ್ಷರ ಬಾರದವರಿಗೆ, ಬಿಳಿ ಕೋಟು ಕಂಡರೆ ನಾಲಿಗೆ ಒಣಗುವವರಿಗೆ ಯಕೃತ್ತು ಇರುವುದಿಲ್ಲವೇ?

ನರ್ಸ್ ಅದನ್ನು ಹೇಳಿದ ದಿನವೇ ಬೆಳಿಗ್ಗೆ ದೊಡ್ಡಮ್ಮ ಕಣ್ಣು ಬಿಟ್ಟಿದ್ದಳು. ಪಾಳಿಯ ವೈದ್ಯರು ಸುತ್ತು ಬಂದಾಗ ನರ್ಸ್, ಇಬ್ಬರು ವಿದ್ಯಾರ್ಥಿಗಳು ಜೊತೆಗಿದ್ದರು.

"ಸಿರಪ್ ಕುಡೀತಿದ್ರಾ ಅಮ್ಮಾ?"

"ಇಲ್ಲ."

"ಯಾರು ನಿಲ್ಲಿಸೋಕೆ ಹೇಳಿದ್ದು?"

ದೊಡ್ಡಮ್ಮ ನನ್ನ ಕಡೆ ನೋಡಿದಳು. ಆಮೇಲೆ ಅವರ ಕಡೆ. "ಯಾರೂ ಹೇಳಿಲ್ಲ. ನಾನೇ ಬಿಟ್ಟೆ."

"ಯಾಕೆ?"

"ಬೇಜಾರಾಯ್ತು."

ಅವರು ಬರೆದುಕೊಂಡರು. ಬಾಯಿ ತೆರೆಯಲು ನನಗೆ ಒಂದು ಉಸಿರಿನಷ್ಟು ಸಮಯವಿತ್ತು. ನಾನು ಡ್ರಿಪ್ ಕಂಬದ ಚಕ್ರಗಳನ್ನು ನೋಡುತ್ತಾ ನಿಂತೆ. ಅವರು ಪಕ್ಕದ ಹಾಸಿಗೆಗೆ ಹೋದರು.

ಅದೇ ಕಡತದಲ್ಲಿ, ಅದೇ ಬೆಳಗಿನ ಟಿಪ್ಪಣಿಯಲ್ಲಿ, ಈ ವಾಕ್ಯಕ್ಕಿಂತ ಎರಡು ಸಾಲು ಮೇಲೆ ಹೀಗೆ ಬರೆದಿದೆ: 'ರೋಗಿಗೆ ದಿನ ಮತ್ತು ಸ್ಥಳದ ಅರಿವಿಲ್ಲ.' ಇಂದು ಯಾವ ವಾರವೆಂದು ಹೇಳಲಾರದವಳ ಹೇಳಿಕೆ ನಿಮಗೆ ತಿದ್ದಲಾಗದ ದಾಖಲೆ! ಪೂರ್ತಿ ಎಚ್ಚರದಲ್ಲಿರುವ ನಾನು ಸಹಿ ಹಾಕಿ ಕೊಟ್ಟ ಅರ್ಜಿಗೆ ಬೆಲೆಯಿಲ್ಲ. ವಾರ ತಿಳಿಯದಿದ್ದರೂ ಅವಳಿಗೆ ನನ್ನ ಮುಖ ತಿಳಿಯುತ್ತಿತ್ತು ಎಂಬುದು ನಿಮ್ಮ ಟಿಪ್ಪಣಿಯಲ್ಲಿಲ್ಲ. ಇನ್ನು 'ಸಹಕರಿಸುವುದಿಲ್ಲ' ಎಂಬ ಮಾತು. ಉಪ್ಪಿಲ್ಲದ ಊಟ ಒಂದು ದಿನವೂ ದೂರದೆ ಉಂಡವಳು ಅವಳು. ಹೊಟ್ಟೆಗೆ ಸೂಜಿ ಚುಚ್ಚುವಾಗ, "ನಾನೂ ಸೂಜಿಯವಳೇ, ಹೆದರಬೇಡಿ ಚುಚ್ಚಿ" ಎಂದು ನಿಮ್ಮ ಎಳೆಯ ವೈದ್ಯರಿಗೇ ಧೈರ್ಯ ಹೇಳಿದವಳು. ಹೇಳಿದ್ದನ್ನೆಲ್ಲ ಮಾಡಿದಳು. ನಾನು ಹೇಳಿದ್ದನ್ನೂ ಮಾಡಿದಳು. ಅವಳ ತಪ್ಪು ಅದೊಂದೇ. ಔಷಧ ಪಾಲಿಸದವರನ್ನು ಆರು ತಿಂಗಳು ನೋಡಿ ಆಮೇಲೆ ಪರಿಗಣಿಸುತ್ತಾರೆ ಎಂದು ನಿಮ್ಮ ಸಮಿತಿಯ ಸಹಾಯಕರು ಹೇಳಿದರು. ಅವಳ ಹತ್ತಿರ ಎಷ್ಟು ತಿಂಗಳಿದೆ ಎಂದು ಕೇಳಿದೆ. ಈ ಸಲ ಕೇಳಿದೆ. ಅವರು ಕಾಗದ ಜೋಡಿಸತೊಡಗಿದರು.

ಈ ಪತ್ರ ಕಳಿಸುವ ಮೊದಲು ದೊಡ್ಡಮ್ಮನಿಗೆ ಓದಿ ಹೇಳಿದೆ. ಈಗ ಅವಳು ಮನೆಯಲ್ಲಿದ್ದಾಳೆ, ಪೂರ್ತಿ ಎಚ್ಚರದಲ್ಲಿದ್ದಾಳೆ. ಬಟ್ಟೆಯ ವಿಷಯ ಬಂದಾಗ, "ಅದನ್ನೆಲ್ಲ ಪೇಪರಲ್ಲಿ ಹಾಕ್ತೀಯಾ, ಥೂ!" ಎಂದಳು. ತೆಗೆಯುತ್ತೇನೆ ಎಂದೆ. ಆಮೇಲೆ ಅವಳೇ, "ಬೇಡ, ಇರಲಿ. ಇನ್ನೊಬ್ಬಳು ಯಾರೋ ನಾಚ್ಕೊಂಡು ಬಿಟ್ಟುಬಿಟ್ಟಾಳು" ಎಂದಳು. ಡಾಕ್ಟರ ಮುಂದೆ ಯಾಕೆ ಹಾಗೆ ಹೇಳಿದೆ ಎಂದು ಕೇಳಿದೆ. "ನಿನ್ನ ಮುಖ ಬಿಳಿಚಿಕೊಂಡಿತ್ತು. ಅಷ್ಟು ಜನರ ಮುಂದೆ ಬೈದ್ರೆ ನೀನು ತಡ್ಕೊತಿರಲಿಲ್ಲ. ನನಗೇನು, ಬೈಸ್ಕೊಂಡು ಅಭ್ಯಾಸ" ಎಂದಳು. ನಾನು ಅಳತೊಡಗಿದೆ. "ಅತ್ತಿದ್ದು ಸಾಕು. ಬರೆದು ಮುಗಿಸು. ನನಗೆ ಬದುಕೋ ಆಸೆ ಇದೆ ಕಣೆ" ಎಂದಳು. ಇಷ್ಟು ವರ್ಷದಲ್ಲಿ ಅವಳು ತನಗಾಗಿ ಏನನ್ನಾದರೂ ಬೇಕು ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಆದ್ದರಿಂದ ಮಾನ್ಯರೇ, ನನ್ನ ಒತ್ತಾಯ ಇದು. ಹದಿನೆಂಟರೊಳಗೆ ಆ ವಾಕ್ಯವನ್ನು ಕಡತದಲ್ಲಿ ಹೊಡೆದುಹಾಕಿ, ಅದರ ಜಾಗದಲ್ಲಿ ನಿಜ ಬರೆಯಿರಿ: ರೋಗಿಯ ತಂಗಿಯ ಮಗಳು, ಔಷಧ ಯಾತಕ್ಕೆಂದು ತಿಳಿಯದೆ, ತಿಳಿಯಲು ಕೇಳದೆ, ಐದು ದಿನ ನಿಲ್ಲಿಸಿದಳು. ಸಾಕ್ಷಿಯಾಗಿ ಈ ಪತ್ರವನ್ನೇ ಲಗತ್ತಿಸಿ. ಸಾಲದಿದ್ದರೆ ಸಮಿತಿಯ ಮುಂದೆ ನನ್ನನ್ನು ಕರೆಯಿರಿ, ಎಷ್ಟು ಜನ ಕೂತಿದ್ದರೂ ಬರುತ್ತೇನೆ. ಹೊಣೆಗೇಡಿ ಎಂದು ಯಾರ ಹೆಸರಾದರೂ ಬರೆಯಲೇಬೇಕಿದ್ದರೆ ನನ್ನದನ್ನು ಬರೆಯಿರಿ. ನನ್ನ ಯಕೃತ್ತು ಸದ್ಯಕ್ಕೆ ಸರಿಯಾಗಿದೆ, ಯಾವ ಪಟ್ಟಿಯಲ್ಲೂ ನನಗೆ ಜಾಗ ಬೇಕಿಲ್ಲ. ಇನ್ನೊಂದು: ನಾಳೆಯಿಂದ ಬಿಡುಗಡೆಯಾಗುವ ಪ್ರತಿಯೊಬ್ಬರ ಹಾಳೆಯಲ್ಲಿ, ಪ್ರತಿ ಔಷಧದ ಮುಂದೆ, ಅದು ಯಾತಕ್ಕೆ, ಬಿಟ್ಟರೆ ಏನಾಗುತ್ತದೆ ಎಂದು ಮನೆಮಾತಿನಲ್ಲಿ ಬರೆಸಿ. ಆ ನರ್ಸ್‌ನಂಥವರೊಬ್ಬರನ್ನು ಬಾಗಿಲ ಬಳಿ ಕೂರಿಸಿ, ಹೊರಡುವವರಿಂದ ಅದನ್ನು ಒಮ್ಮೆ ಬಾಯಿಬಿಟ್ಟು ಹೇಳಿಸಿ. ಕೇಳಲು ಬಾರದವರೂ ಹೇಳು ಎಂದರೆ ಹೇಳುತ್ತಾರೆ. ನಾನು ಹೇಳುತ್ತಿದ್ದೆ.

ಇಂತಿ, ತಪ್ಪೊಪ್ಪಿಗೆಯೊಂದಿಗೆ,
ರೋಗಿಗಿಂತ ಹೆಚ್ಚು ಓದಿದ,
ಆಕೆಯ ತಂಗಿಯ ಮಗಳು